ಹುಲ್ಲುಹೊರೆಯ ವಾದಿ

ಅನ್ಯಮತಗಳನ್ನು ನಗೆಯ ಮೂಲಕ ಪರೀಕ್ಷಿಸಿದ ಜೈನ ಕಾವ್ಯಗಳು ಕನ್ನಡದಲ್ಲಿ ಉಂಟು. ಹನ್ನೆರಡನೆಯ ಶತಮಾನದ ಬ್ರಹ್ಮಶಿವನ ‘ಸಮಯಪರೀಕ್ಷೆ’ಯಲ್ಲಿ ವಿಡಂಬನೆ ನೇರ, ಕಟು. ಸುಮಾರು 1360ರಲ್ಲಿ ವೃತ್ತವಿಲಾಸನು ರಚಿಸಿದ ‘ಧರ್ಮಪರೀಕ್ಷೆ’ಯಲ್ಲಾದರೋ ಕಥೆಯೇ ವಾದವನ್ನು ನಡೆಸುತ್ತದೆ. ಇದಕ್ಕೆ ಆಧಾರ ಅಮಿತಗತಿ ಆಚಾರ್ಯರ 1014ರ ಸಂಸ್ಕೃತ ಕೃತಿ.

ಆ ಮೂಲಕೃತಿಯಲ್ಲಿ ಮನೋವೇಗ, ಪವನವೇಗರೆಂಬ ಮಿತ್ರರು ಹುಲ್ಲು, ಕಟ್ಟಿಗೆಗಳ ಹೊರೆ ಹೊತ್ತು ಪಾಟಲೀಪುತ್ರವನ್ನು ಪ್ರವೇಶಿಸುತ್ತಾರೆ. ಮನೋವೇಗನು ವಾದಭೇರಿಯನ್ನು ಬಾರಿಸಿ ಸುವರ್ಣಪೀಠದಲ್ಲಿ ಕುಳಿತುಬಿಡುತ್ತಾನೆ. ಮೈಮೇಲೆ ಆಭರಣ, ತಲೆಯ ಮೇಲೆ ಹುಲ್ಲುಹೊರೆ. ಇಂಥವರೂ ಉಂಟೇ ಎಂದು ವಿಪ್ರರು ಬೆರಗಾಗುತ್ತಾರೆ. ನಿಮ್ಮ ವಿಷ್ಣುವು ನಂದಗೋಕುಲದಲ್ಲಿ ದನ ಕಾಯಲಿಲ್ಲವೇ, ಅರ್ಜುನನ ರಥ ನಡೆಸಲಿಲ್ಲವೇ ಎಂಬುದು ಅವನ ಮರುಪ್ರಶ್ನೆ. ದುಡಿಮೆಯನ್ನು ಹೀನವೆಂದು ಎಣಿಸುವವರಿಗೆ ಇದಕ್ಕಿಂತ ಹರಿತವಾದ ಉತ್ತರ ದುರ್ಲಭ. (ಹೊರೆ ಹೊತ್ತವನು ವಿದ್ಯಾಧರ ರಾಜಕುಮಾರನೆಂಬುದು ಮಾತ್ರ ಓದುಗರಿಗೆ ಮೊದಲೇ ತಿಳಿದಿರುತ್ತದೆ!)

ಅದೇ ಕೃತಿಯ ಮೂರ್ಖಕಥೆಗಳಲ್ಲಿ ನಗೆಯು ದಿಕ್ಕು ಬದಲಿಸುತ್ತದೆ. ಬಹುಧಾನ್ಯಕನೆಂಬ ಗೃಹಸ್ಥನು ಕಿರಿಯ ಹೆಂಡತಿ ಕುರಂಗಿಯ ಮೋಹದಲ್ಲಿ ಅವಳು ಕಳುಹಿಸಿದ ಸಗಣಿಯನ್ನೂ ಸವಿದು ತಿನ್ನುತ್ತಾನೆ. ಮೂರ್ಖನು ಅವನೇ, ಆದರೂ ಕಥೆಯು ಬೊಟ್ಟು ಮಾಡುವುದು ಸ್ತ್ರೀಯರ ಕಡೆಗೆ. ಕುಲಮದವನ್ನು ಅಲುಗಿಸಿದ ಹಾಸ್ಯವೇ ಇಲ್ಲಿ ಹಳೆಯ ತಾತ್ಸಾರವನ್ನು ಗಟ್ಟಿಗೊಳಿಸಿತು.

ಇದು ಅನಿವಾರ್ಯವೇನೂ ಆಗಿರಲಿಲ್ಲ. ಎಂಟನೆಯ ಶತಮಾನದ ಹರಿಭದ್ರಸೂರಿಗಳ ಪ್ರಾಕೃತ ‘ಧೂರ್ತಾಖ್ಯಾನ’ವೂ ಪುರಾಣವಿಡಂಬನೆಯೇ. ಉಜ್ಜಯಿನಿಯ ಉದ್ಯಾನದಲ್ಲಿ ಮಳೆಗೆ ಸಿಲುಕಿದ ಐವರು ಧೂರ್ತನಾಯಕರು ಕಟ್ಟುಕಥೆಗಳ ಪಂದ್ಯ ಹೂಡುತ್ತಾರೆ. ನಾಲ್ವರು ಗಂಡಸರನ್ನು ಸೋಲಿಸಿದ ಖಂಡಪಾನೆಯೇ ತನ್ನ ಚಾತುರ್ಯದಿಂದ ಹಣ ದೊರಕಿಸಿ, ಹಸಿದ ಆ ಪರಿವಾರಕ್ಕೆಲ್ಲ ಊಟ ಹಾಕುತ್ತಾಳೆ.