ಮನುಷ್ಯನು ಎದ್ದು ನಿಂತ ಇತಿಹಾಸ

ಸಂಸ್ಕೃತದಲ್ಲಿ ಪಶುಗಳಿಗೆ ‘ತಿರ್ಯಕ್’ ಎಂಬ ಹೆಸರುಂಟು. ಅಡ್ಡಲಾಗಿ ಚಲಿಸುವದು ಎಂದು ಅದರ ಅರ್ಥ. ವೇದಗಳಲ್ಲಿಯೂ ಜೀವಿಗಳನ್ನು ದ್ವಿಪಾದ, ಚತುಷ್ಪಾದ ಎಂದು ವಿಂಗಡಿಸಿರುವದು ಪ್ರಸಿದ್ಧವಾಗಿದೆ. ಮನುಷ್ಯನನ್ನು ಪಶುವಿನಿಂದ ಬೇರ್ಪಡಿಸುವಾಗ ನಮ್ಮ ಹಿರಿಯರ ದೃಷ್ಟಿಯು ಮೊದಲು ಅವನ ನಿಲುವಿನ ಮೇಲೆ ಬಿದ್ದಿತು. ಆದರೆ ಲೋಕದಲ್ಲಿ ಬುದ್ಧಿಯೇ ಮನುಷ್ಯತ್ವವೆಂಬ ಅಭಿಪ್ರಾಯವು ಬಲವಾಗಿರುವದು. ಬುದ್ಧಿಯು ಬೆಳೆದುದರಿಂದಲೇ ಅವನು ಎದ್ದು ನಿಂತನೆಂದು ಬಹುಜನರು ಊಹಿಸುವರು. ಈ ಊಹೆಗೆ ಆಧಾರವೆಷ್ಟು ಎಂಬದನ್ನು ವಾಚಕರೊಡನೆ ಇಲ್ಲಿ ವಿಚಾರಿಸುವೆನು.

ಮನುಷ್ಯಕುಲದ ಮೂಲಸ್ಥಾನವು ಆಫ್ರಿಕ ಖಂಡವಾಗಿರುವ ಸಂಭವವೇ ಹೆಚ್ಚೆಂದು ಡಾರ್ವಿನನು 1871ರಲ್ಲಿ ಬರೆದನು. ಯುರೋಪಿನ ಪಂಡಿತರಲ್ಲಿ ಅನೇಕರಿಗೆ ಈ ಮಾತು ರುಚಿಸಲಿಲ್ಲ. 1912ರಲ್ಲಿ ಇಂಗ್ಲೆಂಡಿನ ಪಿಲ್ಟ್‌ಡೌನ್ ಎಂಬಲ್ಲಿ ದೊಡ್ಡ ಮೆದುಳಿನ ಕಪಾಲವೂ ವಾನರನಂಥ ದವಡೆಯೂ ದೊರೆತುವೆಂಬ ವಾರ್ತೆ ಹಬ್ಬಿದಾಗ, ಬುದ್ಧಿಯೇ ಮೊದಲೆಂಬ ಪಕ್ಷಕ್ಕೆ ಜಯವಾಯಿತೆಂದು ಅವರು ಹಿಗ್ಗಿದರು. 1925ರಲ್ಲಿ ದಕ್ಷಿಣ ಆಫ್ರಿಕದ ರೇಮಂಡ್ ಡಾರ್ಟರು ಟಾಂಗ್ ಎಂಬ ಸ್ಥಳದ ಶಿಶುಕಪಾಲವೊಂದನ್ನು ಲೋಕದ ಮುಂದಿಟ್ಟರು. ಅದರ ಮೆದುಳು ವಾನರನದರಂತೆ ಕಿರಿದು. ಆದರೆ ಬೆನ್ನುಹುರಿಯು ಇಳಿಯುವ ರಂಧ್ರವು ತಲೆಯ ಹಿಂಬದಿಗಿರದೆ ಬುಡದಲ್ಲಿ ಮುಂದಕ್ಕಿತ್ತು. ಎಂದ ಮೇಲೆ ಆ ತಲೆಯು ನೆಟ್ಟಗಿನ ಬೆನ್ನಿನ ಮೇಲೆ ಕುಳಿತದ್ದಾಗಿತ್ತೆಂದು ಡಾರ್ಟರು ಸಾಧಿಸಿದರು. ಪಂಡಿತರು ಬಹುಕಾಲ ಕಿವಿಗೊಡಲಿಲ್ಲ. ಕಡೆಗೆ 1953ರಲ್ಲಿ ಪಿಲ್ಟ್‌ಡೌನಿನ ಗುಟ್ಟು ಬಯಲಾಯಿತು. ಯಾರೋ ಮನುಷ್ಯನ ಕಪಾಲಕ್ಕೆ ಒರಾಂಗುಟಾನಿನ ದವಡೆಯನ್ನು ಜೋಡಿಸಿ, ಬಣ್ಣ ಹಚ್ಚಿ, ಮಣ್ಣಿನಲ್ಲಿ ಹುಗಿದಿದ್ದರು!

ಮುಂದಿನ ಶೋಧಗಳು ಡಾರ್ಟರ ಪಕ್ಷವನ್ನೇ ಬಲಪಡಿಸಿದವು. 1974ರಲ್ಲಿ ಇಥಿಯೋಪಿಯದ ಹಡಾರಿನಲ್ಲಿ ಡೊನಾಲ್ಡ್ ಜೊಹಾನ್ಸನ್ನರಿಗೆ ಸಿಕ್ಕ ‘ಲೂಸಿ’ ಎಂಬ ಅಸ್ಥಿಪಂಜರವು ಸುಮಾರು 32 ಲಕ್ಷ ವರ್ಷಗಳಷ್ಟು ಹಳೆಯದು. ಮೆದುಳು ನಮ್ಮದರ ಮೂರರಲ್ಲೊಂದು ಪಾಲಿನಷ್ಟು. ಆದರೆ ಅವಳ ಸೊಂಟದ ಎಲುಬೂ ಮೊಣಕಾಲೂ ನಡೆಯುವವರವೇ. 1978ರಲ್ಲಿ ಟಾಂಜಾನಿಯದ ಲಾಯೆಟೋಲಿಯಲ್ಲಿ ಮೇರಿ ಲೀಕಿಯವರ ಮಂಡಲಿಗೆ ಹೆಜ್ಜೆಗಳೇ ದೊರೆತವು. ಸುಮಾರು 36 ಲಕ್ಷ ವರ್ಷಗಳ ಹಿಂದೆ ಜ್ವಾಲಾಮುಖಿಯ ಬೂದಿ ನೆಲಕ್ಕೆ ಬಿದ್ದು, ಮಳೆಗೆ ನೆನೆದಿದ್ದಾಗ ಅದರ ಮೇಲೆ ಕೆಲವರು ನಡೆದುಹೋದರು. ಬೂದಿಯು ಗಟ್ಟಿಯಾಗಿ ಆ ಗುರುತುಗಳನ್ನು ಕಾಪಾಡಿತು. ಸರ್ವಸಮ್ಮತವಾದ ಕಲ್ಲಿನ ಆಯುಧಗಳಾದರೋ ಸುಮಾರು 26 ಲಕ್ಷ ವರ್ಷಗಳಿಗಿಂತ ಹಿಂದಕ್ಕೆ ಹೋಗುವದಿಲ್ಲ. ಮೆದುಳು ಗಮನಾರ್ಹವಾಗಿ ಹಿಗ್ಗಿದ್ದು ಅದಕ್ಕೂ ಈಚೆಗೆ. ಕಾಲು ಮೊದಲು, ಕೈಗಳ ಕೆಲಸ ಬಳಿಕ, ತಲೆಯು ಕೊನೆಗೆ ಎಂಬ ಕ್ರಮವು ಇದರಿಂದ ಸಿದ್ಧವಾಗುವದು.

ನಿಲ್ಲುವದೆಂದರೆ ಸುಲಭದ ಮಾತಲ್ಲ. ನಮ್ಮ ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ಚೀಲವನ್ನು ಹೊತ್ತು ನಡೆಯುವ ಹಮಾಲನನ್ನು ನೋಡಿರಿ. ಆ ಭಾರವೆಲ್ಲ ಡೊಂಕಾದ ಬೆನ್ನೆಲುಬಿನಿಂದ ಬೋಗುಣಿಯಂತಿರುವ ಸೊಂಟಕ್ಕಿಳಿದು, ಒಳಗೆ ವಾಲಿದ ತೊಡೆಯೆಲುಬಿನ ಮೂಲಕ ಅಂಗಾಲಿನ ಕಮಾನಿಗೆ ಸೇರುವದು. ನಡೆಯುವಾಗ ಪ್ರತಿ ಹೆಜ್ಜೆಗೂ ಒಂದು ಕ್ಷಣ ದೇಹವೆಲ್ಲ ಒಂಟಿಕಾಲಿನ ಮೇಲೆ ನಿಲ್ಲಬೇಕು. ಇಷ್ಟಕ್ಕೂ ನಾವು ಬೆಲೆ ತೆತ್ತಿದ್ದೇವೆ. ಇಳಿವಯಸ್ಸಿನ ಸೊಂಟನೋವೂ ಮೊಣಕಾಲುನೋವೂ ಈ ನಿಲುವಿನ ಸಂಗಾತಿಗಳು. ನಡಿಗೆಗೆ ತಕ್ಕಂತೆ ರೂಪುಗೊಂಡ ಸೊಂಟದಲ್ಲಿ ದೊಡ್ಡ ತಲೆಯ ಶಿಶುವು ಹಾದುಬರಬೇಕಾದುದರಿಂದ, ತಾಯಂದಿರ ಪ್ರಸವವೇದನೆಗೂ ಇದೊಂದು ಕಾರಣವೆಂದು ಹಲವು ತಜ್ಞರು ಎಣಿಸುವರು. ಆದರೆ ಕೈಗಳಿಗೆ ಬಿಡುವಾಯಿತು. ಕೂಸನ್ನು ಎತ್ತಿಕೊಳ್ಳಲಿಕ್ಕೂ ಕಲ್ಲನ್ನು ಹಿಡಿಯಲಿಕ್ಕೂ ಅವು ಒದಗಿದವು.

ಕರ್ನಾಟಕದಲ್ಲಿ ಇಂಥ ಪ್ರಾಚೀನ ಅಸ್ಥಿಗಳು ದೊರೆತಿಲ್ಲ. ಕೈಗಳ ಕೆಲಸವು ದೊರೆತಿದೆ. 1863ರಲ್ಲಿ ಮದರಾಸಿನ ಹತ್ತಿರ ಪಲ್ಲಾವರದಲ್ಲಿ ಶಿಲಾಯುಧವನ್ನು ಗುರುತಿಸಿದ ರಾಬರ್ಟ್ ಬ್ರೂಸ್ ಫೂಟರು ಮುಂದೆ ಮಲಪ್ರಭಾ, ಘಟಪ್ರಭಾ ನದಿಗಳ ಸೀಮೆಯಲ್ಲಿಯೂ ಅಂಥವುಗಳನ್ನು ಕಂಡರು. ಸುರಪುರ ಸೀಮೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ನಡೆಸಿದ ಉತ್ಖನನದಿಂದ ಒಂದು ಕಲ್ಲುಗೆಲಸದ ಕಾರ್ಖಾನೆಯೇ ಬೆಳಕಿಗೆ ಬಂದಿತು. ಸುಣ್ಣಗಲ್ಲಿನ ಹಾಸುಗಳು, ಹೊಡೆಯುವ ಗುಂಡುಗಳು, ಸಿಡಿದ ಚಕ್ಕೆಗಳು, ಸಿದ್ಧವಾದ ಕೈಕೊಡಲಿಗಳು ಎಲ್ಲವೂ ಅಲ್ಲಿಯೇ ಇದ್ದವು. ಅಲ್ಲಿಯ ಪಶುದಂತಗಳನ್ನು ಪರೀಕ್ಷಿಸಿ ಸುಮಾರು 12 ಲಕ್ಷ ವರ್ಷಗಳ ಕಾಲವನ್ನು ಹೇಳಿದ್ದಾರೆ. ನಮ್ಮ ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಂಡೆಯ ಹಳ್ಳೂರಿನ ನವಶಿಲಾಯುಗದ ಊರಿಗೆ ಸುಮಾರು 4000 ವರ್ಷ. ಇಸಾಂಪುರವು ಅದರ ಮುನ್ನೂರು ಪಟ್ಟು ಹಳೆಯದು. ಇದೇ ಬಗೆಯ ಕೈಕೊಡಲಿಗಳು ಆಫ್ರಿಕದಲ್ಲಿ 17 ಲಕ್ಷ ವರ್ಷಗಳಿಗೂ ಹಿಂದೆಯೇ ಹುಟ್ಟಿದ್ದವು. ಆ ವಿದ್ಯೆಯು ತಲೆಮಾರುಗಳುದ್ದಕ್ಕೂ ನಡೆಯುತ್ತ ಬಂದವರ ಕೈಯಲ್ಲಿ ಕೃಷ್ಣೆಯ ಸೀಮೆಯನ್ನು ಮುಟ್ಟಿತೆಂದು ತಿಳಿಯುವದು ಯುಕ್ತವಾಗಿದೆ.

ಪಿಲ್ಟ್‌ಡೌನಿನಲ್ಲಿ ಪಂಡಿತರು ಮೋಸಹೋದದ್ದು ವಿದ್ಯೆಯ ಕೊರತೆಯಿಂದಲ್ಲ, ಅಭಿಮಾನದಿಂದ. ತಮಗೆ ಬೇಕಾದ ಪೂರ್ವಜನನ್ನೇ ಅವರು ಮಣ್ಣಿನಲ್ಲಿ ಹುಡುಕಿದರು. ಈ ದೋಷಕ್ಕೆ ನಾವೂ ಹೊರತಲ್ಲ. ಹೊಳೆಯ ದಂಡೆಯಲ್ಲಿಯೋ ಹೊಲದ ಬದುವಿನಲ್ಲಿಯೋ ಎರಡೂ ಬದಿಗೆ ಚಕ್ಕೆ ತೆಗೆದ ಕಲ್ಲು ಕಂಡರೆ ಅದನ್ನು ಎತ್ತಿ ಮನೆಗೆ ತರಬಾರದು. ಇದ್ದಲ್ಲಿಯೇ ಬಿಟ್ಟು ಬಲ್ಲವರಿಗೆ ತಿಳಿಸಬೇಕು. ಸ್ಥಾನವನ್ನು ಕಳಕೊಂಡ ಕಲ್ಲು ಮೂಕವಾಗುವದು. ನಮ್ಮ ಕುಲದ ಅತಿ ದೀರ್ಘವಾದ ಅಧ್ಯಾಯಕ್ಕೆ ಅಕ್ಷರಗಳಿಲ್ಲ. ಆ ಕಲ್ಲುಗಳೇ ಅದರ ಓಲೆಗಳು.