ರಾಶಿಯೊಳಗಿನ ಒಂದು ಕಾಗದ

ಲಕೋಟೆಯನ್ನು ಒಡೆಯುವ ಮೊದಲೇ ಒಳಗಿನ ಸುದ್ದಿಯನ್ನು ಊಹಿಸುವ ಜಾಣ್ಮೆ ನಮ್ಮ ಹಿರಿಯರಿಗೆ ಇದ್ದಿತು. ಮೂಲೆಗೆ ಅರಿಸಿನ ಹಚ್ಚಿದ್ದರೆ ಮದುವೆಯ ಕರೆಯೋಲೆ. ತಂತಿಯವನು ಬಾಗಿಲು ತಟ್ಟಿದರೆ ಓದುವುದಕ್ಕೆ ಮುಂಚೆಯೇ ಎದೆ ಡವಡವ. ಆ ತಂತಿಯೂ 2013ರಲ್ಲಿ ನಿಂತುಹೋಯಿತು. ಈಗಿನ ಈ-ಮೇಲಿಗೆ ಅರಿಸಿನವಿಲ್ಲ, ಅಕ್ಷರದ ಗುರುತಿಲ್ಲ. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ಒಂದು ಗಣಕದಿಂದ ಮತ್ತೊಂದಕ್ಕೆ ಓಲೆ ಕಳುಹಿಸಿದ ಏಳೇ ವರ್ಷಗಳಲ್ಲಿ, 1978ರ ಮೇ ತಿಂಗಳಲ್ಲಿ, ಗಣಕ ಮಾರುವ ವ್ಯಾಪಾರಿಯೊಬ್ಬನು ಸುಮಾರು 400 ಮಂದಿಗೆ ಒಂದೇ ಜಾಹೀರಾತನ್ನು ಒಮ್ಮೆಗೇ ಹಂಚಿಬಿಟ್ಟನು. ಅಂದಿನಿಂದ ಟಪಾಲಿನ ರಾಶಿ ಬೆಳೆಯುತ್ತಲೇ ಬಂದಿದೆ. ಈ ರಾಶಿಯಲ್ಲಿ ಅಪರಿಚಿತನೊಬ್ಬನ ಕಾಗದ ಕಣ್ಣಿಗೆ ಬೀಳುವುದು ಹೇಗೆ?

ಪ್ರಶ್ನೆ ಗಣಕಕ್ಕಿಂತ ಹಳೆಯದು. ಉತ್ತರಕ್ಕಾಗಿ ನಾವು 1913ರ ಕೇಂಬ್ರಿಜ್‌ಗೆ ಹೋಗಬಹುದು.

ಆ ವರ್ಷದ ಜನವರಿ 16ರಂದು ಮದರಾಸಿನ ಬಂದರು ಕಚೇರಿಯ ಗುಮಾಸ್ತರೊಬ್ಬರು ಟ್ರಿನಿಟಿ ಕಾಲೇಜಿನ ಗಣಿತಜ್ಞ ಜಿ. ಎಚ್. ಹಾರ್ಡಿಯವರಿಗೆ ಕಾಗದ ಬರೆದರು. ವರ್ಷಕ್ಕೆ 20 ಪೌಂಡು ಸಂಬಳ, ವಿಶ್ವವಿದ್ಯಾನಿಲಯದ ಪದವಿಯಿಲ್ಲ. ಅದನ್ನವರು ಮುಚ್ಚಿಡಲೂ ಇಲ್ಲ, ಮೊದಲಲ್ಲಿಯೇ ಹೇಳಿಕೊಂಡರು. ಅವರೇ ಶ್ರೀನಿವಾಸ ರಾಮಾನುಜನ್. ಅದಕ್ಕೂ ಮುಂಚೆ ಅವರು ಬೇರೆ ಇಬ್ಬರು ಇಂಗ್ಲಿಷ್ ಗಣಿತಜ್ಞರಿಗೆ ಬರೆದಿದ್ದರು. ಅವರಿಂದ ಯಾವ ನೆರವೂ ಒದಗಲಿಲ್ಲ. ಅದಕ್ಕಾಗಿ ಆ ಇಬ್ಬರನ್ನು ಬೈಯುವುದು ಸುಲಭ. ಆದರೆ ಹೆಸರಾಂತ ಗಣಿತಜ್ಞರ ಮೇಜಿಗೆ, ವೃತ್ತವನ್ನು ಚೌಕ ಮಾಡಿದೆವೆಂದು ಸಾರುವ ಹುಚ್ಚರ ಓಲೆಗಳು ಆಗಲೂ ಬರುತ್ತಿದ್ದುವು. ಹೊರನೋಟಕ್ಕೆ ರಾಮಾನುಜನ್ನರ ಕಾಗದವೂ ಅಂಥದೇ.

ಹಾಗಾದರೆ ಹಾರ್ಡಿ ಅದನ್ನು ಬದಿಗಿಡಲಿಲ್ಲವೇಕೆ? ಕಾಗದ ತಲುಪಬೇಕಾದವರ ಹೆಸರು ಹೊತ್ತಿದ್ದುದು ಲಕೋಟೆ ಮಾತ್ರವಲ್ಲ, ಒಳಗಿನ ವಿಷಯವೂ ಅವರಿಗೆಂದೇ ಬರೆದುದಾಗಿದ್ದಿತು. ಹಾರ್ಡಿ 1910ರಲ್ಲಿ ಪ್ರಕಟಿಸಿದ ಕಿರುಪುಸ್ತಕವೊಂದರ 36ನೆಯ ಪುಟವನ್ನು ಹೆಸರಿಸಿ, ಅಲ್ಲಿ ಇನ್ನೂ ದೊರೆತಿಲ್ಲವೆಂದು ಹೇಳಿರುವ ಅವಿಭಾಜ್ಯ ಸಂಖ್ಯೆಗಳ ಎಣಿಕೆಯ ಸೂತ್ರ ತಮಗೆ ದೊರೆತಿದೆಯೆಂದು ಗುಮಾಸ್ತರು ಬರೆದಿದ್ದರು. ಜೊತೆಗೆ ಸುಮಾರು 120 ಪ್ರಮೇಯಗಳು. ಹೊಗಳಿಕೆಯ ಮಾತುಗಳು ಬರಿದೇ ಹರಡಿರಲಿಲ್ಲ; ತೂಗಿ ನೋಡಬಹುದಾದ ಸರಕು ಇದ್ದಿತು.

ವಿನೋದವೆಂದರೆ, ಅವಿಭಾಜ್ಯಗಳ ಬಗೆಗಿನ ಆ ಹೇಳಿಕೆ ತಪ್ಪೆಂದು ಮುಂದೆ ತಿಳಿಯಿತು. ಉಳಿದವುಗಳಲ್ಲಿ ಕೆಲವು ಆಗಲೇ ಪಂಡಿತರಿಗೆ ತಿಳಿದಿದ್ದುವು. ಆದರೆ ವಿತತ ಭಿನ್ನರಾಶಿಗಳ ಕೆಲವು ಸೂತ್ರಗಳು ಹಾರ್ಡಿಯವರನ್ನು ದಿಗ್ಭ್ರಮೆಗೊಳಿಸಿದುವು. ಅಂಥವನ್ನು ಅವರೆಂದೂ ಕಂಡಿರಲಿಲ್ಲ. ಗೆಳೆಯ ಲಿಟಲ್‌ವುಡ್ಡರನ್ನು ಕೂಡಿಕೊಂಡು ಕುಳಿತು ನೋಡಿದರು. ಇವು ನಿಜವೇ ಆಗಿರಬೇಕು, ಸುಳ್ಳಾಗಿದ್ದರೆ ಇವನ್ನು ಕಲ್ಪಿಸುವ ಶಕ್ತಿ ಯಾರಿಗೂ ಇರಲಾರದು ಎಂಬುದು ಹಾರ್ಡಿಯವರ ತೀರ್ಮಾನ. ಫೆಬ್ರವರಿ 8ರಂದು ಅವರು ಉತ್ತರ ಬರೆದು ಸಾಧನೆಗಳನ್ನು ಕೇಳಿದರು. 1914ರ ಮಾರ್ಚಿಯಲ್ಲಿ ರಾಮಾನುಜನ್ ಹಡಗು ಹತ್ತಿದರು. 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು. 1920ರಲ್ಲಿ, 32ನೆಯ ವಯಸ್ಸಿಗೇ, ತೀರಿಕೊಂಡರು.

ಹನ್ನೊಂದು ವರ್ಷಗಳ ಬಳಿಕ ಇಂಥದೇ ಇನ್ನೊಂದು ಘಟನೆ ನಡೆಯಿತು. 1924ರ ಜೂನ್‌ನಲ್ಲಿ ಢಾಕಾದ ಅಧ್ಯಾಪಕ ಸತ್ಯೇಂದ್ರನಾಥ ಬೋಸರು ತಮ್ಮ ಲೇಖನವೊಂದನ್ನು ಐನ್‌ಸ್ಟೈನರಿಗೆ ಕಳುಹಿಸಿದರು. ಪರಿಚಯವಿಲ್ಲದ ಆ ಮಹನೀಯರು ಅದನ್ನು ತಾವೇ ಜರ್ಮನಿಗೆ ಅನುವಾದಿಸಿ ಪ್ರಕಟಿಸಿದರು. ಅಲ್ಲಿಯೂ ಗೆದ್ದುದು ಓಲೆಯ ಸಿಂಗಾರವಲ್ಲ; ಐನ್‌ಸ್ಟೈನರು ಬೆಳಕಿನ ಕಣಗಳ ವಿಚಾರದಲ್ಲಿ ತೊಡಗಿದ್ದವರು, ಬೋಸರು ಬರೆದುದೂ ಅದನ್ನೇ ಕುರಿತು.

ಇಂದು ಈ-ಮೇಲಿನ ವಿಷಯಸೂಚಿಯಲ್ಲಿ ‘ತುರ್ತು’ ಎಂದು ಬರೆದು ಗಮನ ಸೆಳೆಯುವವರಿದ್ದಾರೆ. ಎಲ್ಲರೂ ಕೂಗಿದರೆ ಸಂತೆಯಲ್ಲಿ ಯಾರ ಕೂಗು ಕೇಳೀತು? ನಮ್ಮ ಪುಸ್ತಕದ 36ನೆಯ ಪುಟವನ್ನು ಓದಿ ಬರೆದವನ ಮಾತಾದರೆ ಮೆಲ್ಲಗೆ ನುಡಿದರೂ ಕಿವಿಗೆ ಬೀಳುತ್ತದೆ.

ಆದರೆ ಬರೆಯುವವನ ಕುಶಲತೆ ಅರ್ಧ ಮಾತ್ರ. ಹಾರ್ಡಿಯವರ ಸಂಜೆಯ ತಾಳ್ಮೆ ಇನ್ನರ್ಧ. ಅದಿಲ್ಲದಿದ್ದರೆ ಆ 120 ಪ್ರಮೇಯಗಳು ರದ್ದಿಯ ಬುಟ್ಟಿಗೆ ಬಿದ್ದು, ಬಂದರು ಕಚೇರಿಯಲ್ಲಿ ಗುಮಾಸ್ತಿಕೆ ಮುಂದುವರಿಯುತ್ತಿದ್ದಿತು. ದಿನವೂ ನೂರು ಓಲೆಗಳನ್ನು ಓದದೆಯೇ ಅಳಿಸುವ ನಾವು ವಾರಕ್ಕೊಂದನ್ನಾದರೂ ಕೊನೆಯವರೆಗೆ ಓದುವುದೊಳಿತು.