ಸ್ವಲ್ಪ ಬೆಳ್ಳಗೆ ಮಾಡ್ಲಾ?

ನಮ್ಮ ಮನೆಯ ಹಳೆಯ ಆಲ್ಬಮ್ಮಿನಲ್ಲಿ ಅತ್ತೆಯ ಒಂದೇ ಫೋಟೋದ ಎರಡು ಪ್ರತಿಗಳಿವೆ. ಗಂಡಿನ ಕಡೆಯವರಿಗೆ ಕಳಿಸಲೆಂದು ಊರಿನ ಸ್ಟುಡಿಯೋದಲ್ಲಿ ತೆಗೆಸಿದ ಕಪ್ಪುಬಿಳುಪು ಚಿತ್ರ. ಒಂದರಲ್ಲಿ ಆಕೆ ಇದ್ದ ಹಾಗೆಯೇ ಎಣ್ಣೆಗಪ್ಪು. ಇನ್ನೊಂದರಲ್ಲಿ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗೆ. ಮೂಗುತಿಯ ಹೊಳಪೂ ಆ ಬಿಳುಪಿನಲ್ಲಿ ಕರಗಿಹೋಗಿದೆ. ಸ್ಟುಡಿಯೋದವರು ಅಜ್ಜನನ್ನು ಕೇಳಿದ್ದರಂತೆ: "ರಾಯರೇ, ಸ್ವಲ್ಪ ಬೆಳ್ಳಗೆ ಮಾಡ್ಲಾ?" ಅಜ್ಜ ಹೂಂ ಎನ್ನುವಷ್ಟರಲ್ಲಿ ಬೆಂಚಿನ ಮೇಲಿದ್ದ ಅತ್ತೆ, "ನೋಡೋಕೆ ಬರೋರು ಕೊನೆಗೆ ನನ್ನನ್ನೇ ತಾನೇ ನೋಡೋದು?" ಅಂದರಂತೆ. ಜಗಳ ಬೇಡವೆಂದು ಆ ಪುಣ್ಯಾತ್ಮ ಎರಡೂ ಬಗೆಯಲ್ಲಿ ಮಾಡಿಕೊಟ್ಟರು.

ಇಂದು ಮೊಬೈಲಿನಲ್ಲಿ ಬೆರಳಾಡಿಸಿ ನಾವು ಮಾಡುವ ಕೆಲಸವೇ ಅದು. ಚಿತ್ರದ ಕಪ್ಪು ಎಷ್ಟು ಕಪ್ಪಾಗಿರಬೇಕು, ಬಿಳುಪು ಎಷ್ಟು ಬಿಳುಪಾಗಿರಬೇಕು, ನಡುವಿನ ಬೂದು ಎತ್ತ ವಾಲಬೇಕು ಎಂದು ತೀರ್ಮಾನಿಸುವುದನ್ನು ಟೋನ್ ಹೊಂದಿಸುವುದು ಎನ್ನುತ್ತಾರೆ. ಈ ಕೆಲಸವನ್ನು ಸುಲಭ ಮಾಡಲು ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಜನ ತಲೆ ಕೆಡಿಸಿಕೊಂಡಿದ್ದಾರೆ. ಆ ಕಥೆಯನ್ನು ಹಿಂಬಾಲಿಸಿದರೆ ಸುಲಭ ಅಂದರೆ ಏನು ಎಂಬ ಪ್ರಶ್ನೆಯೇ ಬದಲಾಗುತ್ತಾ ಹೋಗುತ್ತದೆ.

ಮೊದಲು ಇದು ಕೈಚಳಕದ ಮಾತಾಗಿತ್ತು. 1850ರ ದಶಕದ ಗಾಜಿನ ನೆಗೆಟಿವ್‌ಗಳಿಗೆ ನೀಲಿ ಬೆಳಕೆಂದರೆ ವಿಪರೀತ ಪ್ರೀತಿ. ಕಡಲನ್ನು ಸರಿಯಾಗಿ ತೆಗೆದರೆ ಆಕಾಶ ಬರೀ ಬಿಳಿ ಹಾಳೆಯಾಗುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ ತನ್ನ ಕೆಲವು ಸಮುದ್ರದ ಚಿತ್ರಗಳಲ್ಲಿ ನೀರಿಗೊಂದು, ಮೋಡಕ್ಕೊಂದು ನೆಗೆಟಿವ್ ಬಳಸಿ ಎರಡನ್ನೂ ಒಂದೇ ಕಾಗದದ ಮೇಲೆ ಕೂಡಿಸಿದ. ಮುಂದೆ ಡಾರ್ಕ್‌ರೂಂಗಳಲ್ಲಿ ಕೈಯ ನೆರಳೇ ಉಪಕರಣವಾಯಿತು. ಎನ್‌ಲಾರ್ಜರಿನ ಬೆಳಕಿಗೆ ಅಂಗೈ ಅಡ್ಡ ಹಿಡಿದರೆ ಕಾಗದದ ಆ ಭಾಗ ತಿಳಿಯಾಗುತ್ತದೆ. ಒಂದು ಕಡೆ ಮಾತ್ರ ಹೆಚ್ಚು ಹೊತ್ತು ಬೆಳಕು ಬಿಟ್ಟರೆ ಅಲ್ಲಿ ಕಪ್ಪೇರುತ್ತದೆ. ಎಷ್ಟು ಹೊತ್ತು? ಅದು ಕೈಗೆ ಮಾತ್ರ ಗೊತ್ತು. ಕಲಿಯಬೇಕಾದವರು ಇನ್ನೊಬ್ಬರ ಪಕ್ಕದಲ್ಲಿ ಕೆಂಪು ದೀಪದಡಿ ವರ್ಷಗಟ್ಟಲೆ ನಿಲ್ಲಬೇಕಿತ್ತು.

ಕೈಯ ಈ ಗುಟ್ಟನ್ನು ಗಣಿತಕ್ಕೆ ತಂದವರು ಇಂಗ್ಲೆಂಡಿನ ವಿಡ್ನೆಸ್ ಎಂಬ ಊರಿನ ರಾಸಾಯನಿಕ ಕಾರ್ಖಾನೆಯಲ್ಲಿದ್ದ ಇಬ್ಬರು ಗೆಳೆಯರು: ಸ್ವಿಟ್ಜರ್ಲೆಂಡಿನಿಂದ ಬಂದಿದ್ದ ರಸಾಯನಶಾಸ್ತ್ರಜ್ಞ ಫರ್ಡಿನೆಂಡ್ ಹರ್ಟರ್ ಮತ್ತು ಎಂಜಿನಿಯರ್ ವೀರೋ ಡ್ರಿಫೀಲ್ಡ್. 1890ರಲ್ಲಿ ಅವರು ಪ್ರಕಟಿಸಿದ ಸಂಶೋಧನೆಯಲ್ಲಿ ಒಂದು ವಕ್ರರೇಖೆಯಿತ್ತು. ಅಡ್ಡಕ್ಕೆ ನೆಗೆಟಿವ್ ಮೇಲೆ ಬಿದ್ದ ಬೆಳಕು, ಉದ್ದಕ್ಕೆ ಅದರಿಂದ ಮೂಡಿದ ಕಪ್ಪು. ಕೆಳಗೆ ಮೆಲ್ಲಗೆ ಏಳುವ ಕಾಲ್ಬೆರಳು, ನಡುವೆ ನೇರವಾದ ಏರು, ಮೇಲೆ ಬಾಗುವ ಭುಜ. ಫೋಟೋಗ್ರಫಿ ಕಲಿಯುವವರು ಇವತ್ತಿಗೂ ಅದನ್ನು ಅವರಿಬ್ಬರ ಹೆಸರಿನಿಂದಲೇ ಗುರುತಿಸುತ್ತಾರೆ.

ಆದರೆ ರೇಖೆ ಓದಲು ಬರುವವರು ಎಷ್ಟು ಜನ? ಬಳಸುವವರ ಕಷ್ಟಕ್ಕೆ ಹತ್ತಿರ ಬಂದದ್ದು ಒಂದು ಕಾಗದ. ಗಡಸು ಚಿತ್ರಕ್ಕೊಂದು, ಮೆದು ಚಿತ್ರಕ್ಕೊಂದು ಎಂದು ಬೇರೆ ಬೇರೆ ದರ್ಜೆಯ ಕಾಗದದ ಡಬ್ಬಿಗಳನ್ನು ಕೊಂಡಿಡಬೇಕಿದ್ದ ಕಾಲದಲ್ಲಿ, 1940ರಲ್ಲಿ, ಇಲ್ಫರ್ಡ್ ಕಂಪನಿ ಮಲ್ಟಿಗ್ರೇಡ್ ಎಂಬ ಕಾಗದ ತಂದಿತು. ಡಬ್ಬಿ ಒಂದೇ; ಎನ್‌ಲಾರ್ಜರಿನ ಬೆಳಕಿಗೆ ಹಿಡಿಯುವ ಬಣ್ಣದ ಫಿಲ್ಟರ್ ಬದಲಿಸಿದರೆ ಚಿತ್ರದ ಗಡಸುತನ ಬದಲಾಗುತ್ತದೆ. ಇಂದಿನ ಕಾಂಟ್ರಾಸ್ಟ್ ಸ್ಲೈಡರಿನ ಅಜ್ಜ ಇದೇ ಎನ್ನಬಹುದು.

ಉಪಕರಣ ಎಷ್ಟು ಸುಧಾರಿಸಿದರೂ ತೀರ್ಮಾನ ಮನುಷ್ಯನದೇ ಆಗಿತ್ತು. ಅಮೆರಿಕದ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಮೂಡುವುದನ್ನು ಚಿತ್ರಿಸಿದರು. ಮೊದಲ ಪ್ರಿಂಟುಗಳಲ್ಲಿ ಆಕಾಶ ತಿಳಿಬೂದು, ತೆಳು ಮೋಡಗಳು ಕಾಣುತ್ತವೆ. ವರ್ಷ ಕಳೆದಂತೆ ಅವರೇ ಅದನ್ನು ಕಪ್ಪಾಗಿಸುತ್ತಾ ಹೋದರು. ಕೊನೆಕೊನೆಯವುಗಳಲ್ಲಿ ಚಂದ್ರನ ಹಿಂದೆ ಕಗ್ಗತ್ತಲೆ. ನೆಗೆಟಿವ್ ಒಂದೇ, ನೋಡಿದ ಕಣ್ಣಿಗೆ ವಯಸ್ಸಾಗಿತ್ತು.

ಬಣ್ಣದ ಫಿಲಂ ಬಂದಾಗ ಈ ತೀರ್ಮಾನ ಮೆಲ್ಲನೆ ಕೈ ಬದಲಾಯಿಸಿತು. ಪ್ರಿಂಟು ಮಾಡುವ ಲ್ಯಾಬುಗಳಿಗೆ ಕೊಡಾಕ್ ಕಂಪನಿ ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ಅದರಲ್ಲಿದ್ದದ್ದು ಬಿಳಿಯ ಹೆಂಗಸು. ಮೊದಲ ರೂಪದರ್ಶಿಯ ಹೆಸರಿನಿಂದಾಗಿ ಅದಕ್ಕೆ ಶರ್ಲಿ ಕಾರ್ಡ್ ಎಂದೇ ಹೆಸರಾಯಿತು. ಅವಳ ಮೈಬಣ್ಣ ಸರಿ ಬಂದರೆ ಯಂತ್ರ ಸರಿ ಇದೆ ಎಂದರ್ಥ. ಕಪ್ಪು ಮೈಬಣ್ಣದವರ ಮುಖ ಕತ್ತಲಲ್ಲಿ ಮುಳುಗಿ, ಕಣ್ಣು ಹಲ್ಲು ಮಾತ್ರ ಹೊಳೆದರೆ ಅದು ಯಂತ್ರದ ದೋಷವೆಂದು ಯಾರಿಗೂ ತೋರಲಿಲ್ಲ. ಈ ಚರಿತ್ರೆಯನ್ನು ಬರೆದ ಕೆನಡಾದ ಸಂಶೋಧಕಿ ಲೋರ್ನಾ ರಾತ್ ಒಂದು ವಿಷಾದದ ಸಂಗತಿ ಹೇಳುತ್ತಾರೆ: ಫಿಲಂ ಸುಧಾರಿಸಲು ಕಾರಣವಾದ ದೂರುಗಳಲ್ಲಿ ಚಾಕೊಲೇಟ್ ಮತ್ತು ಮರದ ಪೀಠೋಪಕರಣ ತಯಾರಕರ ದೂರುಗಳೂ ಇದ್ದವು. ತಮ್ಮ ಸರಕಿನ ಕಂದು ಛಾಯೆಗಳು ಚಿತ್ರದಲ್ಲಿ ಸರಿಯಾಗಿ ಬರುತ್ತಿಲ್ಲ ಎಂಬುದು ಅವರ ಅಳಲು.

ಆಮೇಲೆ ಕಂಪ್ಯೂಟರ್ ಬಂತು. 1987ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಥಾಮಸ್ ನೋಲ್, ಬರೀ ಕಪ್ಪುಬಿಳುಪು ಚುಕ್ಕಿ ತೋರಿಸುವ ಪರದೆಯ ಮೇಲೆ ಬೂದು ಛಾಯೆಗಳನ್ನು ಕಾಣಿಸಲು ಒಂದು ಪ್ರೋಗ್ರಾಂ ಬರೆದರು. ಅಪ್ಪನ ನೆಲಮಾಳಿಗೆಯ ಡಾರ್ಕ್‌ರೂಂನಲ್ಲಿ ಆಡಿ ಬೆಳೆದವರು ಅವರು. ತಮ್ಮ ಜಾನ್ ಜೊತೆ ಸೇರಿ ಬೆಳೆಸಿದ ಆ ಪ್ರೋಗ್ರಾಂ 1990ರ ಫೆಬ್ರುವರಿಯಲ್ಲಿ ಫೋಟೋಶಾಪ್ ಎಂಬ ಹೆಸರಿನಲ್ಲಿ ಹೊರಬಂತು. ಅದರಲ್ಲಿದ್ದ ಕರ್ವ್ಸ್ ಎಂಬ ಸಾಧನ ವಿಡ್ನೆಸ್ಸಿನ ವಕ್ರರೇಖೆಯ ವಂಶದ್ದೇ. ಅಡ್ಡಕ್ಕೆ ಇದ್ದ ಬೆಳಕು, ಉದ್ದಕ್ಕೆ ಬೇಕಾದ ಬೆಳಕು. ರೇಖೆಯನ್ನು ಹಿಡಿದು ಎಳೆದರೆ ಚಿತ್ರ ಬದಲಾಗುತ್ತದೆ. ಬಲ್ಲವರಿಗೆ ಅಮೃತ. ಹೊಸಬರು ಮಾತ್ರ ಪಕ್ಕದ ಬ್ರೈಟ್‌ನೆಸ್ ಸ್ಲೈಡರನ್ನೇ ಹಿಡಿಯುತ್ತಿದ್ದರು.

ಆ ಸುಲಭದ ಸ್ಲೈಡರಿನೊಳಗೊಂದು ಗುಂಡಿಯಿತ್ತು. ಛಾಯೆಗಳನ್ನು 0ಯಿಂದ 255ರವರೆಗಿನ ಅಂಕಿಗಳಾಗಿ ಇಡುವ ಚಿತ್ರದಲ್ಲಿ ಅದು ಪ್ರತಿ ಚುಕ್ಕಿಗೂ ಅಷ್ಟಷ್ಟೇ ಅಂಕಿ ಕೂಡಿಸುತ್ತಿತ್ತು. 230ಕ್ಕೆ 40 ಸೇರಿಸಿದರೆ 255ಕ್ಕೇ ನಿಲ್ಲಬೇಕು, 250ಕ್ಕೆ ಸೇರಿಸಿದರೂ ಅಲ್ಲೇ. ಬೇರೆಬೇರೆಯಾಗಿದ್ದ ಎರಡು ಬಿಳುಪುಗಳು ಒಂದೇ ಆಗಿ, ನಡುವಿನ ವಿವರ ಅಳಿಸಿಹೋಗುತ್ತಿತ್ತು. ಅತ್ತೆಯ ಮೂಗುತಿಯ ಹೊಳಪು ಕಳೆದುಹೋದದ್ದೂ ಹೀಗೆಯೇ. 2007ರ ಆವೃತ್ತಿಯಲ್ಲಿ ಫೋಟೋಶಾಪ್ ಈ ಲೆಕ್ಕವನ್ನು ತಿದ್ದಿ, ಹಳೆಯದೇ ಬೇಕೆನ್ನುವವರಿಗೆ ಪಕ್ಕದಲ್ಲೊಂದು ಚೌಕ ಇಟ್ಟಿತು.

ಅದಕ್ಕಿಂತ ದೊಡ್ಡ ಉಪಕಾರ 1996ರಲ್ಲಿ ಆಗಿತ್ತು. ತಿದ್ದುಪಡಿಯನ್ನು ಚಿತ್ರದ ಮೇಲೆ ಹಾಸಿದ ಬೇರೆಯೇ ಪದರವಾಗಿ ಇಡುವ ವ್ಯವಸ್ಥೆ ಬಂತು. ಬೇಡವಾದರೆ ಪದರ ತೆಗೆದುಹಾಕಿ. ಮೂಲಚಿತ್ರ ಹಾಗೇ ಇರುತ್ತದೆ. ತಪ್ಪಿದರೆ ವಾಪಸು ಬರಬಹುದು ಎಂಬ ಧೈರ್ಯವಿದ್ದರೆ ಕಷ್ಟದ ಸಾಧನವನ್ನೂ ಜನ ಕಲಿಯುತ್ತಾರೆ.

ಇನ್ನೊಂದು ಬದಲಾವಣೆ ಮೇಲ್ನೋಟಕ್ಕೆ ಚಿಕ್ಕದು. ಅಡೋಬಿಯವರ ಲೈಟ್‌ರೂಮಿನಲ್ಲಿ ಕ್ಯಾಮೆರಾದ ಕಚ್ಚಾ ಫೈಲ್ ತೆರೆದಾಗ, ನೀವೇನೂ ಮುಟ್ಟದಿದ್ದರೂ, ಬ್ರೈಟ್‌ನೆಸ್ 50, ಕಾಂಟ್ರಾಸ್ಟ್ 25, ಬ್ಲ್ಯಾಕ್ಸ್ 5 ಎಂದು ಇರುತ್ತಿತ್ತು. 2012ರ ಆವೃತ್ತಿಯಲ್ಲಿ ಸ್ಲೈಡರುಗಳ ಹೆಸರು ಬದಲಾಗಿ, ನೆರಳು, ಹೊಳಪು, ಬಿಳಿ, ಕಪ್ಪು ಎಂದು ಕಣ್ಣಿಗೆ ಕಾಣುವ ಭಾಗಗಳಿಗೆ ಒಂದೊಂದು ಸಿಕ್ಕಿತು. ಎಲ್ಲವೂ ಸೊನ್ನೆಯಿಂದ ಶುರು. ಎಡಕ್ಕೆಳೆದರೆ ಕತ್ತಲು, ಬಲಕ್ಕೆಳೆದರೆ ಬೆಳಕು. ನಿಜಕ್ಕೂ ಸುಲಭವಾಯಿತು. ಆದರೆ ಕಚ್ಚಾ ಫೈಲನ್ನು ನೋಡುವಂಥ ಚಿತ್ರವಾಗಿಸಲು ಯಾರೋ ಒಂದು ಹದವನ್ನು ಆರಿಸಲೇಬೇಕು. ಹಳೆಯ ಅಂಕಿಗಳು ಒರಟಾಗಿಯಾದರೂ ಆ ಗುಟ್ಟನ್ನು ಹೇಳುತ್ತಿದ್ದವು. ಸೊನ್ನೆ ಹೇಳುವುದಿಲ್ಲ, ಯಾರೂ ಏನೂ ಮಾಡಿಲ್ಲ ಎಂಬಂತೆ ಸುಮ್ಮನೆ ಕೂತಿರುತ್ತದೆ.

ಮೊಬೈಲು ಈ ದಾರಿಯಲ್ಲಿ ಇನ್ನೂ ಮುಂದೆ ಹೋಗಿದೆ. ಚಿತ್ರ ಕಣ್ಣಿಗೆ ಬೀಳುವ ಮೊದಲೇ ನೆರಳು ಎತ್ತಿ, ಹೊಳಪು ಇಳಿಸಿ, ಮುಖ ಹುಡುಕಿ ಮುಗಿಸಿರುತ್ತದೆ. ಸ್ಲೈಡರೇ ಬೇಕಿಲ್ಲದಷ್ಟು ಸುಲಭ. ಕಪ್ಪು ಮೈಬಣ್ಣವನ್ನು ಸರಿಯಾಗಿ ತೋರಿಸಬೇಕೆಂಬ ಯೋಚನೆಯೂ ತಡವಾಗಿಯಾದರೂ ಬಂದಿದೆ. 2021ರಲ್ಲಿ ಗೂಗಲ್ ತನ್ನ ಪಿಕ್ಸೆಲ್ ಫೋನಿನಲ್ಲಿ ಅದಕ್ಕೆ ರಿಯಲ್ ಟೋನ್ ಎಂದು ಹೆಸರಿಟ್ಟಿತು. ಒಳ್ಳೆಯದೇ. ಆದರೂ ಒಂದು ಸಾಧನ ಬಳಸಲು ಸುಲಭ ಎನ್ನುವಾಗ ಗುಂಡಿಗಳು ಎಷ್ಟು ಕಡಿಮೆಯಾದವು ಎಂದು ಎಣಿಸಿದರೆ ಸಾಲದು. ಅದು ಏನು ಮಾಡಿತೆಂದು ಹೇಳುತ್ತದೆಯೇ, ಬೇಡ ಅಂದರೆ ಕೇಳುತ್ತದೆಯೇ ಎಂದೂ ನೋಡಬೇಕು.

ಮೊನ್ನೆ ಅತ್ತೆಯ ಹುಟ್ಟುಹಬ್ಬಕ್ಕೆ ತಂಗಿಯ ಮಗಳು ತನ್ನ ಮೊಬೈಲಿನಲ್ಲಿ ಫೋಟೋ ತೆಗೆದು ತೋರಿಸಿದಳು. ಸುಕ್ಕುಗಳೆಲ್ಲ ಮಾಯವಾಗಿ, ಅತ್ತೆಯ ಮುಖ ಬೆಳ್ಳಗೆ ಹೊಳೆಯುತ್ತಿತ್ತು. ಕನ್ನಡಕ ಏರಿಸಿ ಎರಡು ನಿಮಿಷ ನೋಡಿದ ಅತ್ತೆ, "ಆ ಸ್ಟುಡಿಯೋದವರು ಕೇಳಾದ್ರೂ ಕೇಳಿದ್ರಲ್ಲೇ" ಅಂದರು. ಹುಡುಗಿ ಒಂದರೊಳಗೊಂದು ಮೆನು ತೆರೆದು, ಮೂರನೆಯದರಲ್ಲಿ ಆ ಗುಂಡಿಯನ್ನು ಹುಡುಕಿ ಆರಿಸಿ, ಮತ್ತೆ ತೆಗೆದಳು. ಈಗ ಆಲ್ಬಮ್ಮಿನಲ್ಲಿರುವಂತೆ ಮೊಬೈಲಿನಲ್ಲೂ ಎರಡು ಅತ್ತೆಯರಿದ್ದಾರೆ.